ಎಷ್ಟು ಗೊತ್ತೋ ಅಷ್ಟು

ಮೆಡಿಕಲ್ ಕೋಡಿಂಗ್ ಕಲಿಯಲು ಬಂದ ಹೊಸ ತಂಡಕ್ಕೆ ಮೊದಲ ದಿನ ನಾನು ಬೋರ್ಡಿನ ಮೇಲೆ ಮೂರು ಸಾಲು ಬರೆಯುತ್ತೇನೆ: "ವಯಸ್ಸು 46. ಆರು ತಿಂಗಳಿಂದ ಮುಟ್ಟಿನಲ್ಲಿ ವಿಪರೀತ ರಕ್ತ ಹೋಗುತ್ತಿದೆ, ತಿಂಗಳ ಲೆಕ್ಕವೂ ತಪ್ಪಿದೆ. ಫೈಬ್ರಾಯ್ಡ್ ಇರಬಹುದು." ಯಾವ ಕೋಡ್ ಹಾಕುತ್ತೀರಿ ಎಂದು ಕೇಳುತ್ತೇನೆ. ಬಿ.ಫಾರ್ಮಾ ಮುಗಿಸಿದವರು, ನರ್ಸಿಂಗ್ ಓದಿದವರು, ಫಿಸಿಯೋಥೆರಪಿ ಬಿಟ್ಟು ಬಂದವರು ಎಲ್ಲರೂ ಕೂತಿರುತ್ತಾರೆ. ಹೆಚ್ಚಿನವರ ಬಾಯಲ್ಲಿ ಬರುವುದು ಡಿ 25.9. ಅಂದರೆ ಗರ್ಭಕೋಶದ ಫೈಬ್ರಾಯ್ಡ್ ಗಡ್ಡೆ, ಎಲ್ಲಿದೆ ಎಂದು ತಿಳಿದಿಲ್ಲ.

ಸರಿಯಾದ ಉತ್ತರ ಎನ್ 92.1. ಅತಿಯಾದ ಮತ್ತು ಪದೇ ಪದೇ ಆಗುವ ಮುಟ್ಟು, ಚಕ್ರ ಅನಿಯಮಿತ. ಅಷ್ಟೇ. ಗಡ್ಡೆಯ ಮಾತೇ ಇಲ್ಲ, ಏಕೆಂದರೆ ಆ ದಿನ ಗಡ್ಡೆಯನ್ನು ಯಾರೂ ನೋಡಿಲ್ಲ.

ಈ ಹೆಂಗಸು ಇರುವುದು ಓಹಾಯೋದಲ್ಲಿ ಎಂದಿಟ್ಟುಕೊಳ್ಳೋಣ. ಪಾಠಕ್ಕೆಂದು ನಾನೇ ಕಟ್ಟಿದ ಕಡತ ಇದು, ನಿಜವಾದ ಯಾರದೂ ಅಲ್ಲ. ಆದರೆ ಇಂಥ ಕಡತಗಳು ಪ್ರತಿದಿನ ಅಮೆರಿಕದ ಕ್ಲಿನಿಕ್ಕುಗಳಿಂದ ಹೊರಟು ಬೆಂಗಳೂರು, ಚೆನ್ನೈ, ಹೈದರಾಬಾದುಗಳ ಪರದೆಗಳಿಗೆ ಬರುತ್ತವೆ. ವೈದ್ಯರು ಬರೆದದ್ದನ್ನು ಓದಿ, ರೋಗಕ್ಕೊಂದು ಕೋಡ್, ಮಾಡಿದ ಕೆಲಸಕ್ಕೊಂದು ಕೋಡ್ ಕೊಟ್ಟು, ವಿಮಾ ಕಂಪನಿಗೆ ಕ್ಲೇಮ್ ಹೋಗುವಂತೆ ಸಿದ್ಧಪಡಿಸುವುದು ಕೋಡರ್ ಕೆಲಸ. ರೋಗಿಯನ್ನು ಕೋಡರ್ ಎಂದೂ ನೋಡುವುದಿಲ್ಲ. ನೋಡುವುದು ಬರಹವನ್ನು ಮಾತ್ರ.

ಕೆಲಸದ ಕೋಡ್ 'ಏನು ಮಾಡಿದಿರಿ' ಎಂಬುದಕ್ಕೆ ಉತ್ತರ. ರೋಗದ ಕೋಡ್ 'ಯಾಕೆ ಮಾಡಿದಿರಿ' ಎಂಬುದಕ್ಕೆ ಉತ್ತರ. ಅಮೆರಿಕದ ವೈದ್ಯರ ಬಿಲ್ಲು ಹೋಗುವ ಸಿಎಂಎಸ್-1500 ಎಂಬ ನಮೂನೆಯಲ್ಲಿ ಹನ್ನೆರಡು ರೋಗದ ಕೋಡ್‌ಗಳಿಗೆ ಜಾಗವಿದೆ. ಕೆಳಗೆ ಬರೆಯುವ ಒಂದೊಂದು ಕೆಲಸದ ಸಾಲೂ ಮೇಲಿನ ಯಾವ ಕಾರಣಕ್ಕೆ ಸೇರಿದ್ದೆಂದು ಬೆರಳು ಮಾಡಿ ತೋರಿಸಬೇಕು. ಸ್ಕ್ಯಾನಿಂಗ್ ಮಾಡಿದ್ದಕ್ಕೆ ರಕ್ತಸ್ರಾವ ಕಾರಣ, ರಕ್ತಪರೀಕ್ಷೆಗೆ ರಕ್ತಹೀನತೆ ಕಾರಣ. ಕಾರಣಕ್ಕೂ ಕೆಲಸಕ್ಕೂ ತಾಳೆಯಾಗದಿದ್ದರೆ ಕ್ಲೇಮ್ ತಿರಸ್ಕೃತವಾಗಿ ವಾಪಸು ಬರುತ್ತದೆ, ಆ ಬಿಲ್ಲು ಕೊನೆಗೆ ಹೋಗಿ ನಿಲ್ಲುವುದು ಆ ಹೆಂಗಸಿನ ಅಂಚೆಪೆಟ್ಟಿಗೆಯಲ್ಲಿ.

'ಇರಬಹುದು' ಎಂಬ ಪದಕ್ಕೆ ಇಲ್ಲಿ ವಿಶೇಷ ತೂಕವಿದೆ. ಅಮೆರಿಕದ ಅಧಿಕೃತ ಕೋಡಿಂಗ್ ನಿಯಮಗಳ ಪ್ರಕಾರ, ಹೊರರೋಗಿ ಭೇಟಿಯಲ್ಲಿ ವೈದ್ಯರು 'ಇರಬಹುದು', 'ಶಂಕೆಯಿದೆ', 'ಇಲ್ಲವೆಂದು ಖಚಿತಪಡಿಸಬೇಕು', 'ಅದಕ್ಕೆ ಹೊಂದುತ್ತದೆ' ಎಂದು ಬರೆದ ಯಾವ ರೋಗವನ್ನೂ ಇದೆ ಎಂದು ಕೋಡ್ ಮಾಡುವಂತಿಲ್ಲ. ಆ ದಿನ ಖಚಿತವಾಗಿ ಗೊತ್ತಿದ್ದದ್ದು ಯಾವುದೋ, ಅದು ಬರೀ ಲಕ್ಷಣವೇ ಆಗಿರಲಿ, ಅಲ್ಲಿಗೆ ನಿಲ್ಲಬೇಕು. ಆಸ್ಪತ್ರೆಯಲ್ಲಿ ಒಳರೋಗಿಯಾಗಿದ್ದು ಬಿಡುಗಡೆಯಾಗುವಾಗ ನಿಯಮ ತಿರುವುಮುರುವಾಗುತ್ತದೆ. ಅಲ್ಲಿ ಬಿಡುಗಡೆಯ ಹೊತ್ತಿನಲ್ಲೂ 'ಇರಬಹುದು' ಎಂದೇ ಉಳಿದ ರೋಗವನ್ನು ಇದೆ ಎಂದೇ ಎಣಿಸುತ್ತಾರೆ. ಆಸ್ಪತ್ರೆ ಆ ಶಂಕೆಯ ಬೆನ್ನು ಹತ್ತಿಯೇ ಪರೀಕ್ಷೆ, ನಿಗಾ, ಚಿಕಿತ್ಸೆಗಳನ್ನೆಲ್ಲ ನಡೆಸಿರುತ್ತದೆ ಎಂಬುದು ಅದರ ತರ್ಕ. ಒಂದೇ ದೇಹ, ಒಂದೇ ಶಂಕೆ, ಕೋಡ್ ಮಾತ್ರ ಎರಡು. ಹೊಸಬರು ಇದನ್ನು ಒಪ್ಪಿಕೊಳ್ಳಲು ವಾರ ಹಿಡಿಯುತ್ತದೆ.

ಹೊರರೋಗಿಯ ನಿಯಮವೇ ನನಗೆ ಹೆಚ್ಚು ಪ್ರಿಯ. ಶಂಕೆಯನ್ನು ರೋಗವೆಂದು ಬರೆದರೆ ಅದು ಕಡತದಲ್ಲಿ ಅಂಟಿಕೊಳ್ಳುತ್ತದೆ. ಮುಂದಿನ ವೈದ್ಯರು ಅದನ್ನೇ ಓದುತ್ತಾರೆ, ಜೀವವಿಮೆ ಕೊಡುವವರು ಅದನ್ನೇ ಓದುತ್ತಾರೆ. ಅಂಡಾಶಯದ ಕ್ಯಾನ್ಸರ್ ಇಲ್ಲವೆಂದು ಖಚಿತಪಡಿಸಿಕೊಳ್ಳಲು ಸ್ಕ್ಯಾನಿಂಗ್‌ಗೆ ಹೋದವಳಿಗೆ, ಅವಸರದ ಕೋಡರ್ ಒಬ್ಬರಿಂದ ಕ್ಯಾನ್ಸರಿನ ಕೋಡ್ ಅಂಟಿದರೆ ಅದನ್ನು ತೊಳೆಯಲು ಎಷ್ಟು ದಿನ ಬೇಕು!

ಕಡತಕ್ಕೆ ಮರಳೋಣ. ರಕ್ತಪರೀಕ್ಷೆಯ ವರದಿ ಬಂತು. ಹಿಮೋಗ್ಲೋಬಿನ್ 8.1, ಕಬ್ಬಿಣದ ದಾಸ್ತಾನು ತಳ ಕಂಡಿದೆ. ತರಗತಿಯಲ್ಲಿ ಮತ್ತೆ ಕೈಗಳು ಏಳುತ್ತವೆ: ಡಿ 50.0, ದೀರ್ಘಕಾಲದ ರಕ್ತನಷ್ಟದಿಂದಾದ ಕಬ್ಬಿಣದ ಕೊರತೆಯ ರಕ್ತಹೀನತೆ. ಉತ್ತರ ಹೌದು, ಆದರೆ ವೈದ್ಯರು ಹಾಗೆಂದು ಬರೆದಿದ್ದರೆ ಮಾತ್ರ. ಸಂಖ್ಯೆಯನ್ನು ನೋಡಿ ರೋಗ ತೀರ್ಮಾನಿಸುವ ಅಧಿಕಾರ ಕೋಡರ್‌ಗೆ ಇಲ್ಲ. 8.1 ಎಂದರೆ ರಕ್ತ ಕಡಿಮೆ ಎಂದು ಎದುರುಮನೆಯ ಅಜ್ಜಿಗೂ ಗೊತ್ತಿರಬಹುದು. ಆದರೂ ಅದು ಯಾವ ರಕ್ತಹೀನತೆ, ಯಾವುದರಿಂದ ಬಂತು ಎಂಬ ಸಂಬಂಧವನ್ನು ಕಟ್ಟಬೇಕಾದವರು ರೋಗಿಯನ್ನು ಪರೀಕ್ಷಿಸಿದವರು. ಬರೆದಿಲ್ಲವಾದರೆ ಕೋಡರ್ ಒಂದು ಕ್ವೆರಿ ಕಳಿಸಬಹುದು. ಅದರಲ್ಲೂ ಒಂದು ಮರ್ಯಾದೆಯಿದೆ: "ಇದು ಡಿ 50.0 ತಾನೇ?" ಎಂದು ಉತ್ತರವನ್ನು ಬಾಯಿಗೆ ಇಡುವಂತಿಲ್ಲ. "ಹಿಮೋಗ್ಲೋಬಿನ್ 8.1 ಇದೆ, ಕಬ್ಬಿಣದ ಇಂಜೆಕ್ಷನ್ ಕೊಟ್ಟಿದ್ದೀರಿ. ಇದಕ್ಕೆ ಸಂಬಂಧಿಸಿದ ರೋಗನಿರ್ಣಯವೇನಾದರೂ ಇದ್ದರೆ ದಯವಿಟ್ಟು ದಾಖಲಿಸಿ" ಎಂದಷ್ಟೇ ಕೇಳಬೇಕು.

ಮುಟ್ಟಿನ ಕೋಡ್‌ಗಳನ್ನು ಪಾಠ ಮಾಡುವಾಗ ನಾನು ನಿಧಾನಿಸುತ್ತೇನೆ. ನಮ್ಮ ಮನೆಗಳಲ್ಲಿ 'ಜಾಸ್ತಿ ಹೋಗ್ತಿದೆ' ಎಂಬ ಒಂದೇ ಮಾತಿನಲ್ಲಿ ಅಡಗಿಹೋಗುವ ಸಂಗತಿ ಇಲ್ಲಿ ಬಿಡಿಬಿಡಿಯಾಗಿ ತೆರೆದುಕೊಳ್ಳುತ್ತದೆ. ತಿಂಗಳ ಲೆಕ್ಕ ತಪ್ಪದೆ ಜಾಸ್ತಿ ಹೋದರೆ ಎನ್ 92.0. ಲೆಕ್ಕ ತಪ್ಪಿ ಜಾಸ್ತಿ ಹೋದರೆ ಎನ್ 92.1. ಮುಟ್ಟು ನಿಲ್ಲುವ ಕಾಲ ಹತ್ತಿರ ಬಂದು ಜಾಸ್ತಿಯಾಗಿದೆ ಎಂದು ವೈದ್ಯರು ಬರೆದಿದ್ದರೆ ಎನ್ 92.4. ವಯಸ್ಸು 46 ಎಂದು ಕಂಡಮಾತ್ರಕ್ಕೆ ಕೋಡರ್ ತಾನೇ ಅಲ್ಲಿಗೆ ಹೋಗುವಂತಿಲ್ಲ. ಸಂಭೋಗದ ನಂತರದ ರಕ್ತಕ್ಕೆ ಎನ್ 93.0. ಮುಟ್ಟು ಪೂರ್ತಿ ನಿಂತ ಮೇಲೆ ರಕ್ತ ಕಂಡರೆ ಎನ್ 95.0.

ಕೊನೆಯದರ ಬಳಿ ಇನ್ನೊಂದು ಗಳಿಗೆ ನಿಲ್ಲಬೇಕು. ಮುಟ್ಟು ನಿಂತು ವರ್ಷ ಕಳೆದ ಮೇಲೆ ಕಾಣುವ ರಕ್ತವನ್ನು, ಅದು ಒಂದು ಹನಿಯಾದರೂ, ವೈದ್ಯರು ಹಗುರವಾಗಿ ನೋಡುವುದಿಲ್ಲ. ಗರ್ಭಕೋಶದ ಒಳಪದರದ ಕ್ಯಾನ್ಸರ್ ಇಲ್ಲವೆಂದು ಖಾತ್ರಿಯಾಗುವವರೆಗೆ ಬಿಡುವುದಿಲ್ಲ. ರೋಗದ ಕೋಡ್‌ಗಳ ಐಸಿಡಿ ಪುಸ್ತಕ ಎನ್ 92ರ ಕೆಳಗೇ 'ಮುಟ್ಟು ನಿಂತ ಮೇಲಿನ ಸ್ರಾವ ಇಲ್ಲಿಗೆ ಸೇರದು' ಎಂದು ಸ್ಪಷ್ಟವಾಗಿ ಬೇಲಿ ಹಾಕಿದೆ. ಅರವತ್ತರ ಹೆಂಗಸಿಗೆ 'ಜಾಸ್ತಿ ಮುಟ್ಟು' ಎಂಬ ಕೋಡ್ ಹೋದರೆ, ಬಯಾಪ್ಸಿ ಏಕೆ ಮಾಡಬೇಕಾಯಿತು ಎಂಬುದರ ತುರ್ತು ಕಾಗದದಿಂದ ಅಳಿಸಿಹೋಗುತ್ತದೆ.

ನಮ್ಮ ರೋಗಿಗೆ ಮುಟ್ಟು ಇನ್ನೂ ನಿಂತಿಲ್ಲ. ಆದರೂ 45 ದಾಟಿರುವುದರಿಂದ ಒಳಪದರದ ಬಯಾಪ್ಸಿ ಮಾಡಿದರು. ಅಮೆರಿಕದ ಸ್ತ್ರೀರೋಗ ತಜ್ಞರ ಸಂಘ ಆ ವಯಸ್ಸಿನ ಅಸಹಜ ಸ್ರಾವಕ್ಕೆ ಹೇಳುವುದೂ ಅದನ್ನೇ. ಕ್ಯಾನ್ಸರ್ ಇಲ್ಲ ಎಂದು ವರದಿ ಬಂತು. ಸ್ಕ್ಯಾನಿಂಗ್ ವರದಿಯಲ್ಲಿ ಎರಡು ವಾಕ್ಯಗಳಿದ್ದವು. "ಗರ್ಭಕೋಶದ ಗೋಡೆಯೊಳಗೆ 4 ಸೆಂಟಿಮೀಟರ್ ಫೈಬ್ರಾಯ್ಡ್ ಇದೆ." "ಅಡೆನೋಮಯೋಸಿಸ್ ಇರಬಹುದೆಂಬ ಲಕ್ಷಣಗಳಿವೆ." ಮೊದಲನೆಯದು ತೀರ್ಮಾನ, ಎರಡನೆಯದು ಶಂಕೆ. ಡಿ 25.1 ಈಗ ಹಕ್ಕಿನಿಂದ ಕಡತದೊಳಗೆ ಬಂತು. ಅಡೆನೋಮಯೋಸಿಸ್ ಬಾಗಿಲ ಹೊರಗೇ ನಿಂತಿತು.

ಫೈಬ್ರಾಯ್ಡ್ ಬಂದ ಮೇಲೆ ಎನ್ 92.1 ಉಳಿಯಬೇಕೇ? ತರಗತಿಯಲ್ಲಿ ಅತಿ ಬಿಸಿಯ ಚರ್ಚೆ ಇದೇ. ರೋಗದ ಜೊತೆ ಸಹಜವಾಗಿ ಬರುವ ಲಕ್ಷಣವನ್ನು ಬೇರೆಯಾಗಿ ಕೋಡ್ ಮಾಡಬಾರದೆಂದು ನಿಯಮ. ನ್ಯುಮೋನಿಯಾ ಬರೆದ ಮೇಲೆ ಕೆಮ್ಮು ಬರೆಯುವುದಿಲ್ಲ. ಆದರೆ ಫೈಬ್ರಾಯ್ಡ್ ಇರುವ ಎಷ್ಟೋ ಹೆಂಗಸರಿಗೆ ಅದು ಇರುವುದೇ ತಿಳಿಯದು, ರಕ್ತವೂ ಜಾಸ್ತಿ ಹೋಗದು. ಹಾಗಿರುವಾಗ ಸ್ರಾವವನ್ನು ಅದರ ಸಹಜ ಭಾಗವೆನ್ನುವುದು ಹೇಗೆ? ನಾನು ಎರಡನ್ನೂ ಬರೆಯಿರಿ ಎನ್ನುವ ಪಕ್ಷದವಳು. ಗಡ್ಡೆ ಇದೆ ಎಂಬುದು ಒಂದು ಸತ್ಯ, ಅವಳು ತಿಂಗಳುಗಟ್ಟಲೆ ಸೋರಿಹೋದಳು ಎಂಬುದು ಇನ್ನೊಂದು. ಚಿಕಿತ್ಸೆಗೆ ಕಾರಣವಾದದ್ದು ಎರಡನೆಯದು.

ಅಮೆರಿಕದಲ್ಲಿ ಬಳಸುವ ಐಸಿಡಿ-10-ಸಿಎಂ ಎಂಬ ಈ ಪಟ್ಟಿ 2015ರ ಅಕ್ಟೋಬರ್ 1ರಂದು ಜಾರಿಗೆ ಬಂತು. ಹಳೆಯ ಪಟ್ಟಿಯಲ್ಲಿ ಸುಮಾರು 14,000 ರೋಗದ ಕೋಡ್‌ಗಳಿದ್ದವು, ಹೊಸತರಲ್ಲಿ ಸುಮಾರು 69,000. ಇದರ ಬೇರು ಸಾವಿನ ಲೆಕ್ಕದಲ್ಲಿದೆ. ಪ್ಯಾರಿಸ್ಸಿನ ಸಂಖ್ಯಾಶಾಸ್ತ್ರಜ್ಞ ಜಾಕ್ ಬರ್ಟಿಯೋ 1893ರಲ್ಲಿ ಷಿಕಾಗೋದ ಸಭೆಯೊಂದರಲ್ಲಿ ಸಾವಿನ ಕಾರಣಗಳ ಪಟ್ಟಿ ಮಂಡಿಸಿದ. ಅವನ ಅತಿ ವಿಸ್ತಾರದ ಪಟ್ಟಿಯಲ್ಲಿ ಇದ್ದದ್ದು 161 ಶೀರ್ಷಿಕೆ. 1948ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆರನೆಯ ಆವೃತ್ತಿಯ ಹೊಣೆ ಹೊತ್ತಾಗಲಷ್ಟೇ, ಕೊಲ್ಲದ ಕಾಯಿಲೆಗಳೂ ಅದರೊಳಗೆ ಸರಿಯಾಗಿ ಸೇರಿದ್ದು. ನನಗೆ ಈ ಸಂಗತಿ ಮುಖ್ಯ. ಹೆಣ್ಣಿನ ದೇಹದ ಬಹುಪಾಲು ಸಂಕಟ ಕೊಲ್ಲುವಂಥದ್ದಲ್ಲ. ತಿಂಗಳು ತಿಂಗಳು ಬಂದು, ಮೂರು ನಾಲ್ಕು ದಿನ ಮಲಗಿಸಿ, ಮತ್ತೆ ಏಳಿಸುವಂಥದ್ದು. ಸತ್ತವರನ್ನು ಎಣಿಸುವ ಪಟ್ಟಿಯ ಕಣ್ಣಿಗೆ ಅದು ಬೀಳುವುದು ಕಷ್ಟ.

ಅಡೆನೋಮಯೋಸಿಸ್ ಕಥೆಯೇ ಸಾಕ್ಷಿ. ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಸ್ನಾಯುವಿನ ಗೋಡೆಯೊಳಗೆ ಬೇರೂರುವ ಕಾಯಿಲೆ ಇದು. ಗೋಡೆ ಊದುತ್ತದೆ, ಮುಟ್ಟು ಹೊಳೆಯಾಗುತ್ತದೆ, ನೋವು ಸೊಂಟ ಮುರಿಯುತ್ತದೆ. ವಿಯೆನ್ನಾದ ಕಾರ್ಲ್ ರೋಕಿಟಾನ್ಸ್ಕಿ 1860ರಲ್ಲೇ ಇಂಥದ್ದನ್ನು ಸೂಕ್ಷ್ಮದರ್ಶಕದಡಿ ಕಂಡು ವಿವರಿಸಿದ್ದ. ಆದರೆ ಅಮೆರಿಕದ ಪಟ್ಟಿಯಲ್ಲಿ ಅದು ಬಹುಕಾಲ 'ಗರ್ಭಕೋಶದ ಎಂಡೋಮೆಟ್ರಿಯೋಸಿಸ್' ಎಂಬ ಎನ್ 80.0ರ ಕೋಣೆಯಲ್ಲೇ ಬಾಡಿಗೆಗಿತ್ತು. 2022ರ ಅಕ್ಟೋಬರ್ 1ರಂದು ಅದಕ್ಕೆ ಸ್ವಂತ ಕೋಡ್ ಸಿಕ್ಕಿತು: ಎನ್ 80.03. ಅದೇ ದಿನ ಎಂಡೋಮೆಟ್ರಿಯೋಸಿಸ್‌ಗೆ ನೂರಕ್ಕೂ ಹೆಚ್ಚು ಹೊಸ ಕೋಡ್‌ಗಳು ಬಂದವು. ಎಡವೋ ಬಲವೋ, ಮೇಲ್ಮೈಯಲ್ಲಿದೆಯೋ ಆಳಕ್ಕಿಳಿದಿದೆಯೋ, ಕರುಳಿನ ಮೇಲಿದೆಯೋ ಮೂತ್ರಕೋಶದ ಮೇಲಿದೆಯೋ ಎಂದೆಲ್ಲ ಬಿಡಿಸಿ ಹೇಳಲು ಸಾಧ್ಯವಾಯಿತು. ಸಂತಾನೋತ್ಪತ್ತಿಯ ವಯಸ್ಸಿನ ಹತ್ತು ಹೆಂಗಸರಲ್ಲಿ ಒಬ್ಬಳಿಗೆ ಇದೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸುವ ಕಾಯಿಲೆ ಅದು. ಅಷ್ಟು ವರ್ಷ ಅದರ ಬಗ್ಗೆ ಹೇಳಲು ಪಟ್ಟಿಯಲ್ಲಿದ್ದದ್ದು ಬೆರಳೆಣಿಕೆಯ ಕೋಡ್.

ಕೋಡ್‌ಗಳು ಹೆಚ್ಚಿದಾಗ ಕೋಡರ್‌ಗಳು ಗೊಣಗುತ್ತಾರೆ. ಅವರ ದಣಿವು ನನಗೆ ಅರ್ಥವಾಗುತ್ತದೆ, ಪರದೆಯ ಮುಂದೆ ದಿನಕ್ಕೆ ಇಷ್ಟು ಚಾರ್ಟ್ ಮುಗಿಸಬೇಕೆಂಬ ಗುರಿ ಇರುತ್ತದೆ. ಆದರೂ ಒಂದು ಪದ ಎಷ್ಟು ಕಾಯಿಲೆಗಳನ್ನು ಮುಚ್ಚಿಡಬಲ್ಲದು ಎಂಬುದಕ್ಕೆ 'ಸಿಸ್ಟ್' ಒಂದನ್ನು ತೆಗೆದುಕೊಳ್ಳಿ. ಅಂಡಾಶಯದಲ್ಲಿ ನೀರುಗುಳ್ಳೆ ಎಂದು ಸ್ಕ್ಯಾನಿಂಗ್ ಹೇಳುತ್ತದೆ. ಅಂಡಾಣು ಬಿಡುಗಡೆಯಾಗದೆ ಉಳಿದ ಗುಳ್ಳೆಯಾದರೆ ಎನ್ 83.0ರ ಕೆಳಗೆ. ಯಾವ ಗುಳ್ಳೆಯೆಂದು ಹೇಳದಿದ್ದರೆ ಎನ್ 83.20ರ ಕೆಳಗೆ. ಹಳೆಯ ರಕ್ತ ತುಂಬಿದ ಚಾಕೊಲೇಟ್ ಸಿಸ್ಟ್ ಆದರೆ ಅದು ಎಂಡೋಮೆಟ್ರಿಯೋಸಿಸ್, ಎನ್ 80.1ರ ಮನೆ. ಕೂದಲು, ಕೊಬ್ಬು, ಒಮ್ಮೊಮ್ಮೆ ಹಲ್ಲೂ ಇರುವ ಡರ್ಮಾಯ್ಡ್ ಆದರೆ ಅದು ಗಡ್ಡೆ, ಡಿ 27. ಹುಟ್ಟಿನಿಂದ ಬಂದದ್ದಾದರೆ ಕ್ಯೂ 50.1.

ಇನ್ನು ಪಿಸಿಓಎಸ್. 1935ರಲ್ಲಿ ಸ್ಟೀನ್ ಮತ್ತು ಲೆವೆಂಥಾಲ್ ಎಂಬ ಷಿಕಾಗೋದ ಇಬ್ಬರು ವೈದ್ಯರು ವಿವರಿಸಿದ ಈ ತೊಂದರೆ ಸ್ತ್ರೀರೋಗಗಳ ಅಧ್ಯಾಯದಲ್ಲೇ ಇಲ್ಲ. ಅದು ಇ 28.2, ಹಾರ್ಮೋನುಗಳ ಅಧ್ಯಾಯ. ಆ ಜಾಗ ಸರಿಯಾದದ್ದೆಂದೇ ನನ್ನ ಅಭಿಪ್ರಾಯ. ಅಂಡಾಶಯದಲ್ಲಿ ಕಾಣುವ ಮಣಿಮಾಲೆ ಅದರ ಒಂದು ಗುರುತು ಮಾತ್ರ, ಇನ್ಸುಲಿನ್ ಮತ್ತು ಪುರುಷ ಹಾರ್ಮೋನುಗಳ ಏರುಪೇರು ಇಡೀ ಮೈಯದು. ಸ್ಕ್ಯಾನಿಂಗ್‌ನಲ್ಲಿ ಹಲವು ಗುಳ್ಳೆ ಕಂಡವಳಿಗೆಲ್ಲ ಪಿಸಿಓಎಸ್ ಇಲ್ಲ. ಎನ್ 83.2ರ ಕೆಳಗೆ 'ಪಿಸಿಓಎಸ್ ಇಲ್ಲಿಗೆ ಸೇರದು' ಎಂಬ ಸೂಚನೆ ಇರುವುದು ಅದಕ್ಕೇ.

ಇಲ್ಲೊಂದು ಸಣ್ಣ ಗುಂಡಿ ಇದೆ, ಅನುಭವಿಗಳೂ ಅದರಲ್ಲಿ ಕಾಲಿಟ್ಟಿದ್ದಾರೆ. ಎನ್ 83.01 ಎಂದರೆ ಬಲ ಅಂಡಾಶಯ, ಎನ್ 83.02 ಎಂದರೆ ಎಡ. ಆದರೆ ಡಿ 27.0 ಬಲ, ಡಿ 27.1 ಎಡ. ಒಂದೆಡೆ ಒಂದು ಬಲವಾದರೆ ಇನ್ನೊಂದೆಡೆ ಒಂದು ಎಡ. ಅಭ್ಯಾಸಬಲದಿಂದ ಕೈ ಓಡಿದರೆ, ತೆಗೆದದ್ದು ಎಡಗಡೆಯ ಅಂಡಾಶಯ, ಕಾಗದದ ಮೇಲೆ ರೋಗ ಬಲಗಡೆ.

ಗರ್ಭಕಂಠದ ಕೋಡ್‌ಗಳಲ್ಲಿ ಇನ್ನೂ ಸೂಕ್ಷ್ಮವಾದ ಮೆಟ್ಟಿಲುಗಳಿವೆ. ಪ್ಯಾಪ್ ಪರೀಕ್ಷೆಯಲ್ಲಿ ಬಿಡಿ ಜೀವಕೋಶಗಳು ಅಸಹಜವಾಗಿ ಕಂಡರೆ ಅದು ಕಾಯಿಲೆಯ ಹೆಸರಲ್ಲ, ಪರೀಕ್ಷೆಯಲ್ಲಿ ಕಂಡ ಸಂಗತಿ. ಆರ್ 87.6ರ ಸಾಲು. ಚೂರು ತೆಗೆದು ಬಯಾಪ್ಸಿ ಮಾಡಿ, ಕ್ಯಾನ್ಸರಿಗೆ ಮುಂಚಿನ ಬದಲಾವಣೆ (ಸಿಐಎನ್) ಒಂದನೇ ಅಥವಾ ಎರಡನೇ ಹಂತ ಎಂದರೆ ಎನ್ 87. ಮೂರನೇ ಹಂತ ಎಂದರೆ ಕೋಡ್ ಅಧ್ಯಾಯ ಬಿಟ್ಟು ಅಧ್ಯಾಯಕ್ಕೆ ಜಿಗಿದು ಡಿ 06 ಆಗುತ್ತದೆ, ಹುಟ್ಟಿದಲ್ಲೇ ಇರುವ, ಇನ್ನೂ ಹರಡದ ಕ್ಯಾನ್ಸರ್. ಎರಡಕ್ಕೂ ಮೂರಕ್ಕೂ ನಡುವೆ ಸೂಕ್ಷ್ಮದರ್ಶಕದಡಿ ಕಾಣುವುದು ಅಡ್ಡಗೋಡೆಯಲ್ಲ, ಇಳಿಜಾರು. ಪಟ್ಟಿಗೆ ಎಲ್ಲಾದರೂ ಗೆರೆ ಎಳೆಯಲೇಬೇಕು, ಎಳೆದಿದೆ. ಆ ಗೆರೆಯ ಯಾವ ಬದಿಗೆ ತನ್ನ ಕೋಡ್ ಬಿತ್ತೆಂಬುದರ ಮೇಲೆ ಒಬ್ಬಳ ರಾತ್ರಿಗಳ ನಿದ್ದೆ ನಿಂತಿರುತ್ತದೆ.

ದುಡ್ಡಿನ ಮಾತೂ ಇದೆ. ಅಮೆರಿಕದಲ್ಲಿ 2010ರ ಆರೋಗ್ಯ ಕಾಯ್ದೆಯ ಪ್ರಕಾರ, ತೊಂದರೆಯಿಲ್ಲದವಳು ಮುನ್ನೆಚ್ಚರಿಕೆಗೆ ಮಾಡಿಸಿಕೊಳ್ಳುವ ಗರ್ಭಕಂಠದ ತಪಾಸಣೆಗೆ ಬಹುತೇಕ ವಿಮೆಗಳಲ್ಲಿ ಅವಳು ಕೈಯಿಂದ ಏನೂ ಕೊಡಬೇಕಿಲ್ಲ. ಅಂಥ ಭೇಟಿಗೆ ಝಡ್ ಅಕ್ಷರದ ಕೋಡ್, ಉದಾಹರಣೆಗೆ ಝಡ್ 01.419, ಅಸಹಜವಾದದ್ದೇನೂ ಕಾಣದ ವಾರ್ಷಿಕ ಸ್ತ್ರೀರೋಗ ತಪಾಸಣೆ. ಅದೇ ಪರೀಕ್ಷೆಯನ್ನು ರಕ್ತಸ್ರಾವಕ್ಕಾಗಿ ಮಾಡಿದರೆ ಎನ್ ಅಕ್ಷರ, ಆಗ ಅವಳ ಪಾಲಿನ ಖರ್ಚು ಶುರು. ಅವಳಿಗೆ ಉಳಿತಾಯವಾಗಲೆಂದು ಎನ್ ಇದ್ದಲ್ಲಿ ಝಡ್ ಹಾಕುವುದು ಸುಳ್ಳು. ಮಾತಿನ ನಡುವೆ 'ಒಮ್ಮೊಮ್ಮೆ ಹೊಟ್ಟೆ ನೋಯುತ್ತೆ' ಎಂದಳೆಂದು ತಪಾಸಣೆಯನ್ನೇ ಕಾಯಿಲೆಯ ಭೇಟಿಯಾಗಿ ಬದಲಿಸುವುದು ಅನ್ಯಾಯ. ಅವಳು ಏಕೆ ಬಂದಳು ಎಂಬುದನ್ನು ಕೋಡರ್ ವೈದ್ಯರ ಬರಹದಿಂದ ಹೆಕ್ಕಬೇಕು.

ಓಹಾಯೋದ ಹೆಂಗಸಿಗೆ ಹಾರ್ಮೋನ್ ಇರುವ ಕಾಪರ್-ಟಿಯಂಥ ಸಾಧನ ಹಾಕಿ ನೋಡಿದರು, ಗುಣವಾಗಲಿಲ್ಲ. ಕೊನೆಗೆ ಲ್ಯಾಪರೋಸ್ಕೋಪಿಯಿಂದ ಗರ್ಭಕೋಶ ತೆಗೆದರು. ಕೆಲಸದ ಕೋಡ್ ಆರಿಸಲು ಇಲ್ಲಿ ಗರ್ಭಕೋಶದ ತೂಕ ಬೇಕು: 250 ಗ್ರಾಂವರೆಗೆ ಒಂದು, ಮೇಲ್ಪಟ್ಟರೆ ಇನ್ನೊಂದು. ಪ್ಯಾಥಾಲಜಿ ವರದಿ 310 ಗ್ರಾಂ ಎಂದಿತು. ಅದೇ ವರದಿಯಲ್ಲಿ, ತಿಂಗಳುಗಟ್ಟಲೆ ಬಾಗಿಲ ಹೊರಗೆ ನಿಂತಿದ್ದ ಹೆಸರೂ ಖಚಿತವಾಗಿ ಬಂತು. ಎನ್ 80.03, ಡಿ 25.1, ಎನ್ 92.1, ಡಿ 50.0. ಈ ನಾಲ್ಕನ್ನು ಸಾಲಾಗಿ ಓದಿದರೆ ಅವಳ ಒಂದು ವರ್ಷ ಕಾಣುತ್ತದೆ. ಯಾಕೆ ತೆಗೆದಿರಿ ಎಂದು ಯಾರು ಕೇಳಿದರೂ ಕಾಗದ ಉತ್ತರ ಕೊಡುತ್ತದೆ.

ನಮ್ಮಲ್ಲಿ ಆ ಪ್ರಶ್ನೆಯನ್ನು ಬಲವಾಗಿ ಕೇಳಲು ಸುಪ್ರೀಂ ಕೋರ್ಟೇ ಬರಬೇಕಾಯಿತು. ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ ರೂಪಿಸಿದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಬೇಕೆಂದು ಅದು 2023ರ ಏಪ್ರಿಲ್‌ನಲ್ಲಿ ಹೇಳಿತು. ಬಡ ಹೆಂಗಸರು, ಕೂಲಿಯ ಹೆಂಗಸರು, ವಿಮೆಯ ಕಾರ್ಡ್ ಹಿಡಿದು ಹೋದವರು ಕಾರಣವೇ ತಿಳಿಯದೆ ಗರ್ಭಕೋಶ ಕಳೆದುಕೊಂಡ ದೂರುಗಳು ಆ ಮೊಕದ್ದಮೆಯ ಹಿಂದಿದ್ದವು.

ನನ್ನ ಅಮ್ಮನ ಗರ್ಭಕೋಶ ತೆಗೆದಾಗ ಅವಳಿಗೆ ಮೂವತ್ತೆಂಟು. ಬಿಡುಗಡೆಯ ಚೀಟಿ ಇವತ್ತಿಗೂ ಕಬ್ಬಿಣದ ಪೆಟ್ಟಿಗೆಯಲ್ಲಿ, ಪಹಣಿಯ ಜೊತೆ ಮಡಿಸಿಟ್ಟಿದೆ. ರೋಗ ಎಂಬಲ್ಲಿ 'ಡಿಯುಬಿ' ಎಂದು ಮೂರೇ ಅಕ್ಷರ. ಕಾರಣ ಸರಿಯಾಗಿ ತಿಳಿಯದ ಗರ್ಭಕೋಶದ ಸ್ರಾವಕ್ಕೆ ಆಗ ಬಳಸುತ್ತಿದ್ದ ಹೆಸರು ಅದು. ಆ ಪದವೇ ಗೊಂದಲ, ಕೈಬಿಡಿ ಎಂದು ಸ್ತ್ರೀರೋಗ ತಜ್ಞರ ಅಂತರರಾಷ್ಟ್ರೀಯ ಒಕ್ಕೂಟ ಫೀಗೋ 2011ರಲ್ಲಿ ಹೇಳಿತು. ಪಾಲಿಪ್, ಅಡೆನೋಮಯೋಸಿಸ್, ಫೈಬ್ರಾಯ್ಡ್, ಕ್ಯಾನ್ಸರ್, ರಕ್ತ ಹೆಪ್ಪುಗಟ್ಟದ ದೋಷ ಹೀಗೆ ಒಂಬತ್ತು ಗುಂಪುಗಳಲ್ಲಿ ಕಾರಣವನ್ನು ಹುಡುಕಿ ಹೆಸರಿಸಿ ಎಂದಿತು. ಅಮ್ಮನ ಗರ್ಭಕೋಶವನ್ನು ಪ್ಯಾಥಾಲಜಿಗೆ ಕಳಿಸಿದ್ದರೋ ಇಲ್ಲವೋ, ಚೀಟಿಯಲ್ಲಿ ಇಲ್ಲ. "ಹುಣ್ಣಾಗಿದೆ, ತೆಗೀಬೇಕು ಅಂದ್ರು ಕಣೇ" ಎಂದಷ್ಟೇ ಅವಳ ನೆನಪು.

ಹೋದ ವರ್ಷ ನನಗೇ ಸ್ರಾವ ಜಾಸ್ತಿಯಾಗಿ ತೋರಿಸಿಕೊಳ್ಳಲು ಹೋಗಿದ್ದೆ. ವೈದ್ಯೆ ಸಮಾಧಾನದಿಂದ ಎಲ್ಲವನ್ನೂ ಕೇಳುತ್ತ ಬಂದು, ಮನೆತನದ ಕಾಯಿಲೆಗಳ ಸಾಲಿನ ಮುಂದೆ ಪೆನ್ನು ನಿಲ್ಲಿಸಿದರು. "ನಿಮ್ಮ ತಾಯಿಗೆ ಯಾಕೆ ತೆಗೆದರು? ಫೈಬ್ರಾಯ್ಡಾ, ಕ್ಯಾನ್ಸರಾ?"

"ಗೊತ್ತಿಲ್ಲ ಡಾಕ್ಟರ್" ಎಂದೆ. ಅವರು ಆ ಜಾಗದಲ್ಲಿ ಏನನ್ನೂ ಊಹಿಸಿ ಬರೆಯಲಿಲ್ಲ. ಒಂದು ಅಡ್ಡಗೆರೆ ಎಳೆದು ಮುಂದಿನ ಪ್ರಶ್ನೆಗೆ ಹೋದರು.